ನೆರೆ ರೀಲು

‘ಬೇಗ ಹೇಳಮ್ಮ, ಏನು ಹಾಕಲಿ?’ ಎಂದು ಲಿಲ್ಲಿಯಮ್ಮ ಕ್ಯಾಮೆರಾ ರೀಲನ್ನು ತುಟಿಯ ಹತ್ತಿರ ಹಿಡಿದುಕೊಂಡೇ ಕೇಳಿದರು. ಯಾರದೋ ಮೊಣಕೈ ನನ್ನ ಬೆನ್ನಿಗೆ ಚುಚ್ಚುತ್ತಿತ್ತು. ಮಾಲು ಬಂದ ದಿನ ಅವರ ಅಂಗಡಿಯಲ್ಲಿ ಬಾಗಿಲಿನಿಂದ ಗಲ್ಲಾದವರೆಗೆ ಉಸಿರಾಡಲು ಜಾಗವಿರುವುದಿಲ್ಲ. ಒಬ್ಬರು ಕೇಳಿದ್ದು ಎಲ್ಲರ ಕಿವಿಗೂ ಬೀಳುತ್ತದೆ. ನನ್ನ ಮುಂದಿದ್ದವರು ‘ಮೋಡ’ ಹಾಕಿಸಿಕೊಂಡು ಹೋಗಿದ್ದರು, ಅವರ ಮುಂದಿದ್ದವರು ‘ಮೊಮ್ಮಗಳು’. ನಾನು ಮನೆಯಿಂದ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಹೆಸರು ಗಂಟಲಿನಲ್ಲೇ ಕೂತುಬಿಟ್ಟಿತು.

‘ನೆರೆ,’ ಎಂದೆ.

‘ಏನು?’

‘ನೆರೆ. ಎರಡು ರೀಲಿಗೂ ಅದನ್ನೇ ಹಾಕಿ.’

ಮೊಣಕೈಯ ಒಡೆಯರು ದನದ ಡಾಕ್ಟರು ಗೋಪಿನಾಥ್ ಎಂದು ಆಗ ಗೊತ್ತಾಯಿತು. ‘ಮಂದಾಕಿನಿ ಮೇಡಂ, ಹೊಳೇಲಿ ಎಮ್ಮೆ ಕಾಲು ನೆನೆಯೋಷ್ಟು ನೀರಿಲ್ಲ. ನಿಮಗೆಲ್ಲಿಂದ ಬರುತ್ತೆ ನೆರೆ?’ ಎಂದು ಅವರು ಹಿಂದಿನಿಂದ ಕೂಗಿದರು. ಅಂಗಡಿಯೆಲ್ಲ ನಕ್ಕಿತು.

‘ಬಂದಾಗ ಬರಲಿ. ಆಗ ಓಡಿ ಬಂದ್ರೆ ನೀವು ಜಾಗ ಬಿಡ್ತೀರಾ?’ ಎಂದೆ. ನನ್ನ ದನಿ ಧೈರ್ಯವಾಗಿಯೇ ಬಂತು, ಕಿವಿ ಮಾತ್ರ ಬಿಸಿಯಾಗಿತ್ತು. ಲಿಲ್ಲಿಯಮ್ಮ ಹಣೆಯ ಮೇಲೆ ಬಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿ, ನನ್ನನ್ನೊಮ್ಮೆ ನೋಡಿ, ರೀಲಿನ ಬಾಯಿಗೆ ತುಟಿ ತಂದರು. ಅವರು ಹೇಳುವುದು ಯಾರಿಗೂ ಕೇಳಿಸುವುದಿಲ್ಲ. ಬಿಸಿ ಕಾಫಿಯನ್ನು ಊದುವವರಂತೆ ಕಾಣುತ್ತಾರೆ, ಅಷ್ಟೇ. ಅವರು ಯಾವ ಮಾತು ಊದುತ್ತಾರೋ ಆ ರೀಲಿನ ಫೋಟೋದಲ್ಲಿ ಅದು ಮಾತ್ರ ಬೀಳುತ್ತದೆ, ಬೇರೇನೂ ಬೀಳುವುದಿಲ್ಲ. ಒಂದು ರೀಲಿಗೆ ಊದಿದರು, ಇನ್ನೊಂದಕ್ಕೆ ಊದಿದರು, ಡಬ್ಬಿಗಳ ಮುಚ್ಚಳ ಒತ್ತಿ ನನ್ನ ಕಡೆ ನೂಕಿ ‘ಮುಂದೆ ಯಾರಪ್ಪ?’ ಎಂದರು.

ಹೆಸರನ್ನೇ ಹೇಳಿಬಿಡಬಹುದಿತ್ತಲ್ಲ ಎಂದು ಹೊರಗಿನವರಿಗೆ ಅನ್ನಿಸಬಹುದು. ನಮ್ಮೂರಿನಲ್ಲಿ ತಾಯಿ ಮಗುವಿನ ಹೆಸರು ಹಾಕಿಸಬಹುದು, ಅಕ್ಕ ತಮ್ಮನ ಹೆಸರು ಹಾಕಿಸಬಹುದು. ಮದುವೆಯಾಗದ ಹೆಂಗಸು ಮದುವೆಯಾಗದ ಗಂಡಸಿನ ಹೆಸರು ಹಾಕಿಸಿದಳೆಂದರೆ ಮಾತ್ರ ಅದು ರೀಲಿನ ವಿಷಯವಾಗಿ ಉಳಿಯುವುದಿಲ್ಲ. ‘ಅವಳು ಅವನ ಹೆಸರು ಹಾಕಿಸಿದಳಂತೆ’ ಎಂದು ಸಂಜೆಯೊಳಗೆ ಹೂವಿನ ಅಂಗಡಿಯವರಿಗೂ ಗೊತ್ತಾಗಿರುತ್ತದೆ. ಆಮೇಲೆ ಅವನು ಒಲ್ಲೆ ಎಂದರೆ ಅವಳು ಆ ಬೀದಿಯನ್ನೇ ಬಿಟ್ಟು ಸುತ್ತಿ ಓಡಾಡಬೇಕು. ‘ಗಂಡಸು’ ಎಂದು ಕೇಳುವುದು ಇನ್ನೂ ಅಧ್ವಾನ. ‘ಮನುಷ್ಯ’ ಎಂದು ಕೇಳಿದರೆ ಲಿಲ್ಲಿಯಮ್ಮ ಹಾಕಿಕೊಡುವುದೇ ಇಲ್ಲ. ಹಿಂದೊಮ್ಮೆ ಪುರಸಭೆಯ ಗುಂಪು ಫೋಟೋಗೆಂದು ಹಾಕಿಕೊಟ್ಟು, ಯಾರು ಬಿದ್ದರು ಯಾರು ಬೀಳಲಿಲ್ಲ ಎಂದು ಕುರ್ಚಿ ಮುರಿಯುವಷ್ಟು ಜಗಳವಾಗಿತ್ತು.

ನನಗೆ ಬೇಕಾಗಿದ್ದವರು ಪರಶಿವಮೂರ್ತಿ, ನಮ್ಮ ಪಕ್ಕದ ಮನೆಯವರು. ಮುಂದೆ ಬೇಕರಿ, ಹಿಂದೆ ಅವರು, ಅವರ ಅಕ್ಕ ಸರ್ವಮಂಗಳಮ್ಮ ಮತ್ತು ರಸ್ಕು ಎಂಬ ಮುದಿ ನಾಯಿಯ ಸಂಸಾರ. ನಮ್ಮ ತಾರಸಿಗೂ ಅವರ ತಾರಸಿಗೂ ನಡುವೆ ಸೊಂಟದೆತ್ತರದ ಗೋಡೆ. ಬ್ರೆಡ್ಡಿನ ಎರಡು ತುದಿಯ ಹೋಳುಗಳಿರುತ್ತವಲ್ಲ, ಯಾರೂ ತಿನ್ನದೆ ಬದಿಗಿಡುವಂಥವು, ಅವು ನನಗೆ ಇಷ್ಟ ಎಂದು ಯಾವಾಗಲೋ ಮಾತಿಗೆ ಅಂದಿದ್ದೆ. ಅಂದಿನಿಂದ ಪ್ರತಿ ಬೆಳಿಗ್ಗೆ ಆ ಗೋಡೆಯ ಮೇಲೆ ಕಾಗದದಲ್ಲಿ ಸುತ್ತಿದ ತುದಿಗಳು ಇರುತ್ತವೆ. ಕಾಗೆ ಎತ್ತದಿರಲಿ ಎಂದು ಮೇಲೊಂದು ಕಲ್ಲು. ನಾನು ನಲವತ್ತು ದಾಟಿದವಳು, ಬಸ್ ನಿಲ್ದಾಣದ ಎದುರು ಕನ್ನಡಕದ ಅಂಗಡಿ ಇಟ್ಟುಕೊಂಡವಳು; ಬೇರೆಯವರ ಕಣ್ಣಿಗೆ ಯಾವ ಗಾಜು ಸರಿ ಎಂದು ಹೇಳುತ್ತಲೇ ಇಷ್ಟು ವರ್ಷ ಕಳೆದವಳು. ಆ ಕಲ್ಲನ್ನು ಎತ್ತುವಾಗ ಮಾತ್ರ ಹದಿನಾರರ ಹುಡುಗಿಯಂತೆ ಆಚೀಚೆ ನೋಡುತ್ತೇನೆ.

ಈ ವರ್ಷ ಸರ್ವಮಂಗಳಮ್ಮ ತಮ್ಮನಿಗೆ ಹೆಣ್ಣು ನೋಡಲು ಶುರುಮಾಡಿದ್ದರು. ಅದಕ್ಕೇ ನಾನು ಕ್ಯಾಮೆರಾ ಕೊಂಡದ್ದು. ಪರಶಿವಮೂರ್ತಿಯವರ ಮುಖ ಇನ್ನೊಬ್ಬರ ಮನೆಯ ಗೋಡೆಗೆ ಹೋಗುವ ಮೊದಲು ಒಂದು ಸಲ ನನ್ನ ಕೈಯಲ್ಲಿ ಹಿಡಿದು ನೋಡಬೇಕೆನ್ನಿಸಿತ್ತು. ಹಳೇ ಸಾಮಾನಿನ ಸಂತೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆಗೂ ಹೊಲಿಗೆ ಮಿಷನ್ನಿಗೂ ನಡುವೆ ಅದು ಸಿಕ್ಕಿತು. ಚರ್ಮದ ಚೀಲಕ್ಕೆ ಯಾರದೋ ಬೀರುವಿನ ನುಸಿಗುಳಿಗೆಯ ವಾಸನೆ. ಲೆನ್ಸಿನೊಳಗೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿತ್ತು. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನ ಅದನ್ನು ಬಿಚ್ಚಿ, ಕನ್ನಡಕದ ಗಾಜು ಒರೆಸುವ ಬಟ್ಟೆಯಿಂದಲೇ ಒರೆಸಿ ಮತ್ತೆ ಕೂಡಿಸಿದೆ. ಗುಂಡಿ ಒತ್ತಿದರೆ ಅತ್ತೆಯೊಬ್ಬಳು ನಾಲಿಗೆಯಲ್ಲಿ ಲೊಚಗುಟ್ಟಿದ ಹಾಗೆ ಸದ್ದಾಗುತ್ತಿತ್ತು. ನನಗೆ ಅದು ಬಹಳ ಹಿಡಿಸಿತು.

ಭಾನುವಾರ ಬೆಳಿಗ್ಗೆ ನಮ್ಮ ರೀಲು ಸಂಘ ಸೇರುವುದು ಪರಶಿವಮೂರ್ತಿಯವರ ಬೇಕರಿಯ ಬೆಂಚಿನ ಮೇಲೆ. ಯಾರು ಏನು ಕೊಂಡರು ಎಂದು ತೋರಿಸಿಕೊಳ್ಳುವುದೇ ಸಂಘದ ಕೆಲಸ; ಫೋಟೋ ತೋರಿಸುವವರು ಅಪರೂಪ. ಆ ಭಾನುವಾರ ಗೋಪಿನಾಥ್ ಹೊಸದಾಗಿ ಕೊಂಡ ಬೆಳಕಿನ ಮೀಟರನ್ನು ಬನ್ನಿನ ಮೇಲೆ, ಬೆಣ್ಣೆ ಬಿಸ್ಕತ್ತಿನ ಮೇಲೆ, ರಸ್ಕುವಿನ ಮೂಗಿನ ಮೇಲೆ ಹಿಡಿದು ಹಿಡಿದು ಅಂಕಿ ಓದುತ್ತಿದ್ದರು. ‘ಹಕ್ಕಿ’ ಹಾಕಿಸಿದ್ದ ಅವರ ಹಿಂದಿನ ರೀಲಿನಲ್ಲಿ ಕೋಳಿ ಬಿದ್ದಿತ್ತು, ಆದರೆ ಮಸುಕಾಗಿ. ಕೋಳಿ ಹಕ್ಕಿಯೇ ಅಲ್ಲವೇ ಎಂದು ಸಂಘದಲ್ಲಿ ಆಗಲೇ ಎರಡು ಪಕ್ಷವಾಗಿತ್ತು. ಫಾತಿಮಾ ಟೀಚರ್ ರೀಲು ತೊಳೆಯುವ ಹೊಸ ಡಬ್ಬಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ನಮ್ಮೆಲ್ಲರ ರೀಲುಗಳೂ ತೊಳೆದು ಬರುವುದು ಅವರ ಬಚ್ಚಲುಮನೆಯಿಂದಲೇ.

‘ಈ ಅವಧಿ ಮುಗಿದ ರೀಲು ಮಾತ್ರ ತಗೋಬೇಡ್ರಪ್ಪ,’ ಎಂದರು ಟೀಚರ್. ‘ಅಗ್ಗ ಅಂತ ತಂದು ನಗು ಹಾಕಿಸಿದ್ದೆ. ಹಾಕಿದ ಮಾತು ಸಡಿಲ ಆಗಿಬಿಟ್ಟಿದೆ ಅದರಲ್ಲಿ. ಅರ್ಧ ರೀಲು ಬರೀ ಆಕಳಿಕೆ ಬಿದ್ದಿದೆ.’

‘ನಮ್ಮ ಅಣ್ಣನ ಮಗಳ ಮದುವೇಲಿ ಏನಾಯ್ತು ಗೊತ್ತಾ?’ ಎಂದರು ಗೋಪಿನಾಥ್. ‘ಮದುವೆ ಅಂತಲೇ ಹಾಕಿಸಿದ್ದು. ಬೀಗರ ಕಡೆ ಒಂದು ಸಾಲಿಗೆ ಸಾಲೇ ಬಿದ್ದಿಲ್ಲ. ಊಟಕ್ಕೆ ಮಾತ್ರ ಬಂದಿದ್ರಂತೆ.’

ಪರಶಿವಮೂರ್ತಿ ನಗುತ್ತ ಟ್ರೇ ತಂದಿಟ್ಟರು. ಅವರು ಯಾವ ಸಾಮಾನನ್ನೂ ಕೊಂಡವರಲ್ಲ, ಆದರೆ ಎಲ್ಲರ ಸಾಮಾನನ್ನೂ ಕೈ ಒರೆಸಿಕೊಂಡು ಮುಟ್ಟಿ ನೋಡುತ್ತಾರೆ. ನನ್ನ ಕ್ಯಾಮೆರಾವನ್ನು ಎತ್ತಿ ತೂಗಿ ‘ಒಂದು ಪೌಂಡ್ ಬ್ರೆಡ್ಡಿಗಿಂತ ಭಾರ ಇದೆ,’ ಎಂದರು. ‘ಇದಕ್ಕೇನು ಹಾಕಿಸಿದ್ರಿ?’

‘ಪ್ರವಾಹ!’ ಎಂದು ಗೋಪಿನಾಥ್ ನನಗಿಂತ ಮೊದಲೇ ಕೂಗಿದರು.

ಪರಶಿವಮೂರ್ತಿ ನನ್ನ ಮುಖ ನೋಡಿದರು. ನಾನು ಬೆಣ್ಣೆ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದೆ. ಅದು ಮುರಿದು ಒಳಗೆ ಬಿತ್ತು.

ಅಷ್ಟರಲ್ಲಿ ಒಳಗಿನಿಂದ ಸರ್ವಮಂಗಳಮ್ಮ ಬಂದರು. ನಾನೇ ಮಾಡಿಕೊಟ್ಟ ಚಾಳೀಸು ಅವರ ಕುತ್ತಿಗೆಯಲ್ಲಿ ದಾರದಿಂದ ನೇತಾಡುತ್ತಿತ್ತು. ದೂರದ ಬೋರ್ಡು ಅವರಿಗೆ ಚೆನ್ನಾಗಿ ಕಾಣುತ್ತದೆ. ಹತ್ತಿರದ್ದಕ್ಕೇ ಗಾಜು ಬೇಕು. ‘ಮಂದಾಕಿನಿ, ನೀನು ಸಿಕ್ಕಿದ್ದು ಒಳ್ಳೇದಾಯ್ತು,’ ಎಂದರು. ‘ಹೊಳೆಯಾಚೆಯ ಹೆಣ್ಣಿನ ಮನೆಯವರು ಇವನ ಫೋಟೋ ಕೇಳಿದಾರೆ. ಫೋನಲ್ಲಿ ಹಿಡಿದು ಕಳಿಸಿದ್ದೆ. ಇದರಲ್ಲಿ ಒಲೆ, ಟ್ರೇ, ನಾಯಿ ಎಲ್ಲಾ ಬಿದ್ದಿದೆ, ಇದನ್ನ ಫೋಟೋ ಅಂತಾರೇನ್ರೀ ಅಂತ ವಾಪಸ್ ಕಳಿಸಿಬಿಟ್ರು. ಹೆಸರು ಹಾಕಿಸೋಣ ಅಂತ ಲಿಲ್ಲಿಯಮ್ಮನ ಹತ್ರ ಹೋದ್ರೆ ಮಾಲು ಖಾಲಿ. ಇನ್ನು ಮಳೆಗಾಲ ಮುಗಿಯೋವರೆಗೂ ಬರಲ್ಲವಂತೆ. ನಿನ್ನ ಹತ್ರ ಇರೋದ್ರಲ್ಲೇ ಏನಾದ್ರೂ ಮಾಡಿ ಇವನೊಬ್ಬನ್ನ ಬೀಳಿಸಿಕೊಡು ತಾಯಿ.’

ಫಾತಿಮಾ ಟೀಚರ್ ನನ್ನ ಕಾಲು ತುಳಿದರು. ಅವರಿಗೆ ಗೊತ್ತಿತ್ತು. ನಾನೇ ಹೇಳಿದ್ದಲ್ಲ, ತಾರಸಿಯ ಗೋಡೆಯ ಮೇಲಿನ ಕಲ್ಲನ್ನು ಒಂದು ದಿನ ನೋಡಿ ತಿಳಿದುಕೊಂಡಿದ್ದರು.

‘ನೋಡ್ತೀನಕ್ಕ,’ ಎಂದೆ.

ಊಟಕ್ಕೆ ಮೊದಲು ತಾರಸಿಗೆ ಹೋದಾಗ ಅಕ್ಕ ತಮ್ಮನ ತಲೆಗೆ ಕಪ್ಪು ಬಳಿದು ತೊಳೆಸಿ ಕೂರಿಸಿದ್ದರು. ಪ್ರತಿ ಭಾನುವಾರದ ಕಾರ್ಯಕ್ರಮ ಅದು: ಪ್ಲಾಸ್ಟಿಕ್ ಬಟ್ಟಲು, ಹಳೇ ಹಲ್ಲುಜ್ಜುವ ಬ್ರಷ್ಷು, ಹೆಗಲಿಗೆ ಹರಿದ ಟವೆಲು. ಕೂದಲು ಹೊಸ ಚಪ್ಪಲಿಯಂತೆ ಮಿರುಗುತ್ತಿತ್ತು. ಮುಖ ಮಾತ್ರ ನನಗೆ ಗೊತ್ತಿದ್ದದ್ದೇ: ಒಲೆಯ ಕಾವಿಗೆ ಕೆಂಪಾದ ಕೆನ್ನೆ, ಹುಬ್ಬಿನಲ್ಲಿ ಸ್ವಲ್ಪ ಮೈದಾ.

‘ಕಿವಿ ಮೇಲೆ ಬಣ್ಣ ಆಗಿದೆ,’ ಎಂದೆ. ಅವರು ಬೇರೆ ಕಿವಿ ಉಜ್ಜಿದರು. ‘ಅದಲ್ಲ, ಈ ಕಡೆ.’ ಮತ್ತೂ ಅದೇ ಕಿವಿ. ಕೊನೆಗೆ ನಾನೇ ಗೋಡೆ ದಾಟಿ ಹೋಗಿ ಸೆರಗಿನ ತುದಿಯಿಂದ ಒರೆಸಿದೆ. ಅವರು ಉಸಿರು ಬಿಗಿಹಿಡಿದು ಕೂತಿದ್ದರು, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತ ಹಾಗೆ.

‘ನೆರೆ ರೀಲಿಗೆ ನಾನು ಬೀಳ್ತೀನಾ?’ ಎಂದು ಮೆಲ್ಲಗೆ ಕೇಳಿದರು.

‘ಬೀಳ್ತೀರಿ. ಕೂತಿರಿ.’

ಒತ್ತಿದೆ, ರೀಲು ಮುಂದೆ ಸರಿಸುವ ಲಿವರ್ ಎಳೆದೆ, ಮತ್ತೆ ಒತ್ತಿದೆ. ಸರ್ವಮಂಗಳಮ್ಮ ಮಧ್ಯೆ ಬಂದು ಕಾಲರು ಸರಿಮಾಡಿದರು, ಆಗಲೂ ಒತ್ತಿದೆ. ರಸ್ಕು ಬಂದು ಕಾಲಿನ ಹತ್ತಿರ ಕೂತಿತು, ಆಗಲೂ. ಅಕ್ಕ ಬಿದ್ದರೂ ತಪ್ಪಿಲ್ಲ, ಅವರೂ ಪಕ್ಕದ ಮನೆಯವರೇ ಎಂದುಕೊಂಡೆ. ಲೊಚ್, ಲೊಚ್ ಎಂದು ಕ್ಯಾಮೆರಾ ನನ್ನನ್ನು ಅಣಕಿಸುತ್ತಿತ್ತು. ಗಾಜಿನೊಳಗಿಂದ ನೋಡುವಾಗ ಒಂದು ವಿಷಯ ಹೊಳೆಯಿತು. ಹೆಸರು ಹಾಕಿಸಿದ್ದರೆ ಅವರು ಮಾತ್ರ ಬೀಳುತ್ತಿದ್ದರು. ಈ ಮಾತು ಹಾಗಲ್ಲ. ನಾನು ಹಿಡಿದರೆ ಅವರು ನೆರೆ, ಅವರು ಹಿಡಿದರೆ ನಾನು ನೆರೆ. ಹೆದರಿಕೆಯಲ್ಲಿ ಬಾಯಿಗೆ ಬಂದ ಮಾತು ಇಷ್ಟು ಜಾಣತನದ್ದೆಂದು ಅಂಗಡಿಯಲ್ಲಿ ನನಗೇ ತಿಳಿದಿರಲಿಲ್ಲ.

ಆಗಲೇ ಗಾಳಿ ಎದ್ದು ನನ್ನ ಹಗ್ಗದ ಮೇಲಿನ ಹಾಸಿಗೆ ಬಟ್ಟೆ ಹಾರಿತು. ‘ಇದನ್ನ ಸ್ವಲ್ಪ ಹಿಡ್ಕೊಳ್ಳಿ,’ ಎಂದು ಕ್ಯಾಮೆರಾವನ್ನು ಅವರ ಕೈಗಿತ್ತು ಓಡಿದೆ. ಬೆನ್ನು ತಿರುಗಿಸಿ ಕ್ಲಿಪ್ಪು ಹಾಕುತ್ತಿರುವಾಗ ಹಿಂದಿನಿಂದ ಲೊಚ್ ಎಂದಿತು. ಮತ್ತೊಮ್ಮೆ ಎಂದಿತು.

‘ಏನ್ರೀ ಒತ್ತಿದ್ರಿ?’

‘ಕೈ ತಾಗಿತು.’

‘ಕೈ ತಾಗಿ ಲಿವರೂ ಎಳೀತಾ?’

‘ಅದಕ್ಕೂ ಕೈ ತಾಗಿತು,’ ಎಂದು ಕ್ಯಾಮೆರಾ ಕೊಟ್ಟು ಮೆಟ್ಟಿಲಿಳಿದು ಹೋದರು. ಅಕ್ಕ ಹಪ್ಪಳ ಎಣ್ಣೆಗೆ ಬಿಡಲು ಕೆಳಗೆ ಹೋಗಿದ್ದರು. ರಸ್ಕು ಮಾತ್ರ ಎಲ್ಲ ನೋಡಿತು.

ರೀಲು ತೊಳೆಯುವಾಗ ಫಾತಿಮಾ ಟೀಚರ್ ಬಚ್ಚಲಿನ ಬಾಗಿಲಿಗೆ ಕಂಬಳಿ ಇಳಿಬಿಡುತ್ತಾರೆ. ಕತ್ತಲಲ್ಲಿ ಕೈಯಂದಾಜಿನಿಂದಲೇ ರೀಲನ್ನು ಸುತ್ತಿ ಹೊಸ ಡಬ್ಬಿಗೆ ಇಳಿಸಿ, ಮದ್ದು ಹೊಯ್ದು, ಮಗುವಿಗೆ ಹಾಲು ಕುಡಿಸಿ ಬೆನ್ನು ತಟ್ಟುವಂತೆ ಆಗಾಗ ತಟ್ಟುತ್ತಿದ್ದರು. ದೀಪ ಹಾಕಿ ಒದ್ದೆ ರೀಲನ್ನು ಹೊರಗೆಳೆದಾಗ ಅವರ ಮುಖ ಇಳಿಯಿತು. ‘ಖಾಲಿ ಕಣೇ ಮಂದಾ.’

ಉದ್ದಕ್ಕೂ ಗಾಜಿನಂತೆ ತಿಳಿಯಾಗಿತ್ತು. ಆಮೇಲೆ ಟೀಚರ್ ಅದನ್ನು ಬಲ್ಬಿಗೆ ಹಿಡಿದು ‘ತಡಿ, ತಡಿ, ಇಲ್ಲಿ ಏನೋ ಗೀರು,’ ಎಂದರು. ನಾನು ಚೀಲದಿಂದ ಅಂಗಡಿಯ ಭೂತಗನ್ನಡಿ ತೆಗೆದೆ. ಗೀರಲ್ಲ. ಒಂದರಲ್ಲಿ ದುಂಡನೆಯದೇನೋ ತೇಲುತ್ತಿತ್ತು. ಇನ್ನೊಂದರಲ್ಲಿ ಕಾಲಿನೆತ್ತರದಲ್ಲಿ ಒಂದು ಪೊದೆ. ಅಚ್ಚು ಹಾಕಿದ ಕಾಗದ ಮದ್ದಿನ ತಟ್ಟೆಯಲ್ಲಿ ನಿಧಾನವಾಗಿ ಕಪ್ಪಾಗುತ್ತ ಬಂದು, ಆ ಕಪ್ಪಿನ ನಡುವೆ ಬೆಳ್ಳಗೆ ಒಂದು ತುರುಬು ಎದ್ದಿತು. ಮುಖವಿಲ್ಲ, ಕುತ್ತಿಗೆಯಿಲ್ಲ. ಸರ್ವಮಂಗಳಮ್ಮನ ತುರುಬು, ಅವರ ಎಲ್ಲ ಅಧಿಕಾರದೊಂದಿಗೆ ಗಾಳಿಯಲ್ಲಿ ನಿಂತಿತ್ತು. ಇನ್ನೊಂದರಲ್ಲಿ ರಸ್ಕುವಿನ ಬೆಳ್ಳಗಾದ ಗಡ್ಡ, ನಾಯಿಯಿಲ್ಲದೆ.

ಟೀಚರ್ ಮೊದಲು ಬಾಯಿ ಮುಚ್ಚಿಕೊಂಡರು, ಆಮೇಲೆ ನೀರಿನ ಬಕೆಟ್ಟಿನ ಮೇಲೆ ಕೂತು ನಕ್ಕರು. ‘ಅಯ್ಯೋ ಮಂದಾ, ಇದು ನೆರೆ ಅಲ್ಲವೇ, ನೆರೆ!’

‘ಅದನ್ನೇ ನಾನು ಹೇಳಿದ್ದು!’

‘ನೀನು ಹೇಳಿದ ನೆರೆ ಅಲ್ಲ. ಇದು,’ ಎಂದು ತಮ್ಮ ದುಪಟ್ಟಾ ಸರಿಸಿ ಕಿವಿಯ ಪಕ್ಕದ ಬಿಳಿಯನ್ನು ತೋರಿಸಿದರು. ‘ತಲೆ ನೆರೆತಿದೆ ಅಂತೀವಲ್ಲ, ಇದು ಆ ನೆರೆ.’

ಪರಶಿವಮೂರ್ತಿಯವರದು ಎಲ್ಲ ಚಿತ್ರಗಳಲ್ಲೂ ಒಂದೇ ಆಗಿತ್ತು: ಕಪ್ಪು ಕಾಗದದ ನಡುವೆ ಒಂದು ಸಣ್ಣ ಬಾಗಿದ ಬೆಳ್ಳಿಗೆರೆ. ಎಡಗಿವಿಯ ಹಿಂದೆ, ಅಕ್ಕನ ಬ್ರಷ್ಷು ತಲುಪದ ಜಾಗದಲ್ಲಿ ಉಳಿದಿದ್ದ ಕೂದಲು. ಮದುವೆಯ ಗಂಡಿನ ಫೋಟೋ ಎಂದು ಅದನ್ನು ಯಾರಿಗೆ ಕಳಿಸುವುದು? ಉಗುರಿನಲ್ಲಿ ಕೊರೆದ ಚಂದ್ರನಂತಿತ್ತು.

ಕೊನೆಯ ಎರಡು ಚಿತ್ರಗಳನ್ನು ಟೀಚರ್ ತಾವೇ ತಟ್ಟೆಯಿಂದೆತ್ತಿ ಬಹಳ ಹೊತ್ತು ನೋಡಿದರು. ‘ಇದು ಯಾರದು?’ ಎಂದರು. ನೆತ್ತಿಯ ಹಿಂಭಾಗದಿಂದ ಇಳಿದು ಜಡೆಯೊಳಗೆ ಹೋಗಿ ಮತ್ತೆ ಮೇಲೆದ್ದು ಬರುವ ಬಿಳಿ ಎಳೆಗಳು, ಗಾಳಿಗೆ ಸ್ವಲ್ಪ ಹಾರಿದ್ದವು. ಹಾಗೆ ಹೆಣೆದುಕೊಂಡಿದ್ದರಿಂದ ಅದು ಜಡೆ ಎಂದು ಗೊತ್ತಾಗುತ್ತಿತ್ತು. ನನ್ನ ಅಂಗಡಿಯ ಎದುರುಗೋಡೆಯ ತುಂಬ ಕನ್ನಡಿ. ದಿನವಿಡೀ ನನ್ನ ಮುಖ ನನಗೆ ಕಾಣುತ್ತಲೇ ಇರುತ್ತದೆ. ಆದರೆ ತಲೆಯ ಹಿಂದೆ ಇಷ್ಟು ಬೆಳ್ಳಗಾಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅದನ್ನು ಇಷ್ಟು ಗಮನವಿಟ್ಟು ನೋಡಿದವರು ಯಾರೂ ಇರಲಿಲ್ಲ, ಬಹುಶಃ.

‘ಹಿಡಿದವರು ಯಾರು?’ ಎಂದು ಟೀಚರ್ ಕೇಳಿದರು.

‘ಕೈ ತಾಗಿದ್ದಂತೆ,’ ಎಂದೆ.

‘ಒಳ್ಳೇ ಕೈ,’ ಎಂದರು ಟೀಚರ್.

ಲಿಲ್ಲಿಯಮ್ಮನ ಹತ್ತಿರ ಜಗಳಕ್ಕೆಂದೇ ಹೋದೆ. ಖಾಲಿ ಅಂಗಡಿಯಲ್ಲಿ ಅವರು ಗಲ್ಲಾದ ಹಿಂದೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ‘ನೀನು ನೆರೆ ಅಂದೆ, ನಾನು ನೆರೆ ಹಾಕಿದೆ,’ ಎಂದರು. ‘ಹೇಳುವಾಗ ನನ್ನ ಮನಸ್ಸಿನಲ್ಲಿ ಏನಿರುತ್ತೋ ಅದೇ ರೀಲಿಗೆ ಇಳಿಯೋದು. ಅವತ್ತು ಬೆಳಿಗ್ಗೆ ತಾನೇ ತಲೆ ಬಾಚುತ್ತ ಕನ್ನಡೀಲಿ ಬಿಳಿ ಕೂದಲು ನೋಡಿ ಬಂದಿದ್ದೆ. ಪಕ್ಕದ ಮನೆಯವರು ಬೇಕಿದ್ರೆ ಪಕ್ಕದ ಮನೆಯವರು ಅನ್ನಬಾರದಾಗಿತ್ತಾ? ಈ ಕಾಲದಲ್ಲಿ ಅದಕ್ಕೆ ನೆರೆ ಅಂತ ಯಾರಂತಾರೆ? ಪುಸ್ತಕ ಓದಿ ಓದಿ ಕೆಟ್ಟಿದ್ದೀಯ ನೀನು.’

‘ಇನ್ನೊಂದು ರೀಲು ಹಾಗೇ ಇದೆ. ಅದರದಾದ್ರೂ ಬದಲಾಯಿಸಿ ಕೊಡಿ.’

‘ಹಾಕಿದ ಮಾತು ಈಚೆ ಬರಲ್ಲಮ್ಮ. ಬರೋಹಾಗಿದ್ದಿದ್ರೆ ಈ ಊರಲ್ಲಿ ಎಷ್ಟು ಮದುವೆ ಬಿಟ್ಟುಹೋಗ್ತಿದ್ವು!’ ಎಂದು ನನ್ನ ಕೈಗೆ ಒಂದು ಹಿಡಿ ಕಡಲೆಕಾಯಿ ಹಾಕಿ ಕಳಿಸಿದರು.

ಚಿತ್ರಗಳನ್ನು ಕಾಗದದ ಲಕೋಟೆಯಲ್ಲಿಟ್ಟುಕೊಂಡು ಬೇಕರಿಗೆ ಹೋದಾಗ ಮಧ್ಯಾಹ್ನದ ಬ್ರೆಡ್ಡು ಒಲೆಯಿಂದ ಇಳಿದಿತ್ತು. ಪರಶಿವಮೂರ್ತಿ ಉದ್ದನೆಯ ಚಾಕುವಿನಿಂದ ಹೋಳು ಮಾಡುತ್ತ, ತುದಿಗಳನ್ನು ಬೇರೆ ತಟ್ಟೆಗೆ ಹಾಕುತ್ತಿದ್ದರು. ನಾನು ಬೆಳ್ಳಿಗೆರೆಯ ಚಿತ್ರವನ್ನು ಅವರ ಮುಂದಿಟ್ಟೆ.

‘ಯಾರಿದು?’

‘ನೀವು.’

‘ಮಿಕ್ಕಿದ್ದೆಲ್ಲ ಎಲ್ಲಿ ಹೋಯ್ತು?’

‘ಬೀಳಲಿಲ್ಲ. ಅಕ್ಕ ಬಳಿದಿದ್ದು ಯಾವುದೂ ಬೀಳಲಿಲ್ಲ. ಬ್ರಷ್ಷಿಗೆ ಸಿಗದೆ ಉಳ್ಕೊಂಡಿತ್ತಲ್ಲ, ಅಷ್ಟೇ.’

ಅವರು ಅದನ್ನು ಬೆಳಕಿಗೆ ಹಿಡಿದು, ಇನ್ನೊಂದು ಕೈಯಿಂದ ಎಡಗಿವಿಯ ಹಿಂದೆ ತಡವಿ ನೋಡಿಕೊಂಡರು. ಈ ಸಲ ಸರಿಯಾದ ಕಿವಿಯನ್ನೇ ಮುಟ್ಟಿದರು. ನಗು ಬಂತು ಅವರಿಗೆ. ‘ಇದಕ್ಕಾ ಅಷ್ಟು ಜನರ ಮಧ್ಯೆ ನಿಂತು ರೀಲು ತಂದ್ರಿ? ಗೋಪಿನಾಥ್ ನೋಡಿದ್ರೆ ಪ್ರವಾಹ ಅಂತ ಊರೆಲ್ಲ ಸಾರಿಬಿಟ್ಟಿದ್ದಾರೆ.’

‘ಅವರು ಕೇಳಿಸ್ಕೊಂಡಿದ್ದು ಒಂದು, ಲಿಲ್ಲಿಯಮ್ಮ ಹಾಕಿದ್ದು ಒಂದು.’

‘ನೀವು ಹೇಳಿದ್ದು?’

ಒಲೆಯ ಬಾಯಿ ತೆರೆದಿತ್ತು. ಮುಖ ಕೆಂಪಾಗಿದ್ದಕ್ಕೆ ಅದೇ ಕಾರಣ ಎಂದು ಬೇಕಾದರೆ ಹೇಳಬಹುದಿತ್ತು. ‘ನಮ್ಮ ತಾರಸಿಗೂ ನಿಮ್ಮ ತಾರಸಿಗೂ ಮಧ್ಯೆ ಗೋಡೆ ಇದೆಯಲ್ಲ,’ ಎಂದೆ. ‘ಅದರ ಆಚೆ ಕಡೆ ಇರೋರಿಗೆ ಏನಂತಾರೋ, ಅದು.’

ಚಾಕು ಬ್ರೆಡ್ಡಿನ ಅರ್ಧದಲ್ಲಿ ನಿಂತಿತು. ಆಗಲೇ ಯಾರೋ ಖಾರದ ಬಿಸ್ಕತ್ತು ಕೇಳಿಕೊಂಡು ಬಂದರು; ಅವರು ಹೋಗಿ ಸಿಹಿಯದನ್ನು ತೂಗಿಕೊಟ್ಟರು. ಗಿರಾಕಿ ಬೈದು, ಬದಲಾಯಿಸಿಕೊಂಡು ಹೋದರು. ಪರಶಿವಮೂರ್ತಿ ವಾಪಸು ಬಂದು ನನ್ನ ಎದುರು ನಿಂತರು. ಕೈಯಲ್ಲಿ ಇನ್ನೂ ಸಿಹಿ ಬಿಸ್ಕತ್ತು ಇತ್ತು.

‘ಇನ್ನೊಂದು ರೀಲಿದೆ ಅಲ್ವಾ?’

‘ಇದೆ. ಕ್ಯಾಮೆರಾಗೆ ಹಾಕಿಟ್ಟಿದ್ದೀನಿ. ಆದ್ರೆ ಅದೂ ಇದೇ ನೆರೆ. ಬದಲಾಗಲ್ಲವಂತೆ.’

‘ಹಾಗಾದ್ರೆ ಅದಕ್ಕೂ ನಾನು ಬೀಳೋದು ಇಷ್ಟೇ.’

‘ಹೀಗೇ ಬಳಿಸ್ಕೊಂಡಿದ್ರೆ ಇಷ್ಟೇ,’ ಎಂದೆ.

ಅವರು ತಲೆಯಾಡಿಸಿದರು, ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಲಕೋಟೆಯಿಂದ ಅರ್ಧ ಹೊರಗೆ ಬಂದಿದ್ದ ಇನ್ನೊಂದು ಚಿತ್ರವನ್ನು ಎರಡು ಬೆರಳಲ್ಲಿ ಎಳೆದರು. ಬಿಳಿ ಎಳೆಗಳ ಜಡೆ. ಇದು ಯಾರು ಎಂದು ಕೇಳಲಿಲ್ಲ. ‘ನಿಮ್ಮ ಹತ್ರ ಎರಡಿದೆಯಲ್ಲ, ಒಂದು ಇಟ್ಕೊಳ್ಳಲಾ?’ ಎಂದರು.

‘ಚೆನ್ನಾಗಿಲ್ಲ ಅದು. ಮುದುಕಿ ಥರ ಇದೆ.’

‘ಕೇಳಿದ್ದು ಅದಲ್ಲ,’ ಎಂದು ಅಂಗಿಯ ಜೇಬಿಗೆ ಹಾಕಿಕೊಂಡರು. ಜೇಬಿನ ಮೇಲೆ ಐದು ಬೆರಳಿನ ಮೈದಾ ಗುರುತು ಮೂಡಿತು.

ಒಳಗಿನಿಂದ ಸರ್ವಮಂಗಳಮ್ಮ ಚಾಳೀಸು ಏರಿಸಿಕೊಳ್ಳುತ್ತಲೇ ಬಂದರು. ‘ಬಂತಾ ಫೋಟೋ? ಎಲ್ಲಿ, ಕೊಡು ನೋಡೋಣ.’ ರೀಲು ಕೈಕೊಟ್ಟಿತಕ್ಕ ಎಂದು ನಾನು ಲಕೋಟೆಯನ್ನು ಬೆನ್ನ ಹಿಂದೆ ಸರಿಸಿದೆ. ತುರುಬನ್ನು ತೋರಿಸುವ ಧೈರ್ಯ ಯಾರಿಗಿತ್ತು? ಅವರು ಬೇಸರಪಡಲಿಲ್ಲ. ‘ಹೋಗಲಿ ಬಿಡು, ಹೊಳೆಯಾಚೆಯವರು ಫೋಟೋ ಗೀಟೋ ಬೇಡ, ನಾವೇ ಬರ್ತೀವಿ ಅಂದಿದಾರೆ. ಈ ಭಾನುವಾರ ಸಂಜೆ. ಕಣ್ಣಾರೆ ನೋಡ್ಕೊಂಡು ಹೋಗಲಿ. ಈ ಸಲ ಕಿವಿ ಹಿಂದೆಲ್ಲ ಬಿಡದೆ ಎರಡೆರಡು ಸಲ ಬಳೀತೀನಿ. ಮಂದಾಕಿನಿ, ನೀನೂ ಬಾ, ಉಪ್ಪಿಟ್ಟಿಗೆ ಕೈಯಾಗುತ್ತೆ.’

‘ಬರ್ತೀನಕ್ಕ,’ ಎಂದೆ. ಪರಶಿವಮೂರ್ತಿ ಬ್ರೆಡ್ಡು ಕೊಯ್ಯಲು ಶುರುಮಾಡಿದರು.

ಆ ವಾರ ಗೋಡೆಯ ಮೇಲೆ ತುದಿಗಳೂ ಕಲ್ಲೂ ತಪ್ಪದೆ ಬಂದವು. ಬೇರೇನೂ ಬರಲಿಲ್ಲ. ನಾನು ಅಂಗಡಿಯಲ್ಲಿ ಒಬ್ಬರ ಗಾಜನ್ನು ಇನ್ನೊಬ್ಬರ ಚೌಕಟ್ಟಿಗೆ ಕೂರಿಸಿದೆ. ಅವರು ಹಾಕಿಕೊಂಡು ‘ಮೇಡಂ, ಊರು ಸೊಟ್ಟಗಾಗಿದೆ,’ ಎಂದರು. ಸರ್ವಮಂಗಳಮ್ಮ ಹೊಸ ಪರದೆ ಹೊಲಿಸಿದರು, ಬಾಗಿಲಿಗೆ ಬಣ್ಣ ಹೊಡೆಸಿದರು, ರಸ್ಕುವಿಗೆ ಸ್ನಾನ ಮಾಡಿಸಿದರು. ಫಾತಿಮಾ ಟೀಚರ್ ದಿನಾ ಸಂಜೆ ಬಂದು ಏನಾಯಿತೆಂದು ಕೇಳಿ, ಏನೂ ಆಗಿಲ್ಲವೆಂದು ನನಗೇ ಬೈದು ಹೋದರು.

ಭಾನುವಾರ ಸಂಘಕ್ಕೆ ನಾನು ಹೋಗಲಿಲ್ಲ. ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದೆ. ಒಗೆಯಬೇಕಿಲ್ಲದ ಬಟ್ಟೆಯನ್ನೂ ಯಾಕೆ ನೆನೆಸಿ ಹರವುತ್ತಿದ್ದೆನೋ. ಕ್ಯಾಮೆರಾ ಗೋಡೆಯ ಮೇಲಿತ್ತು. ಆಚೆ ಕಡೆ ಕುರ್ಚಿ ಬಂತು, ಹರಿದ ಟವೆಲು ಬಂತು, ಬಟ್ಟಲಿನಲ್ಲಿ ಕಪ್ಪು ಕಲಸುತ್ತ ಸರ್ವಮಂಗಳಮ್ಮ ಬಂದರು. ಗಾಳಿಗೆ ಅದರ ಘಾಟು ಮೂಗಿಗೆ ಹೊಡೆಯಿತು. ಕೊನೆಗೆ ಪರಶಿವಮೂರ್ತಿ ಮೆಟ್ಟಿಲು ಹತ್ತಿ ಬಂದು ಬಿಸಿಲಿಗೆ ನಿಂತರು. ವಾರದ ಕೂದಲು ಬೆಳೆದಿತ್ತು. ಬೈತಲೆಯುದ್ದಕ್ಕೂ, ಎರಡೂ ಕಿವಿಗಳ ಮೇಲೂ, ಬುಡದಲ್ಲಿ ಬೆಳ್ಳಗೆ ಮೊಳಕೆಯೊಡೆದಿತ್ತು. ಅಂಗಿಯ ಜೇಬಿನಿಂದ ಕಪ್ಪು ಕಾಗದವೊಂದರ ಮೂಲೆ ಇಣುಕುತ್ತಿತ್ತು.

‘ಬಾ, ಕೂತ್ಕೋ. ನಾಲ್ಕು ಗಂಟೆಗೆಲ್ಲ ಅವರು ಬಂದುಬಿಡ್ತಾರೆ,’ ಎಂದರು ಅಕ್ಕ, ಬ್ರಷ್ಷನ್ನು ಬಟ್ಟಲಿಗೆ ಅದ್ದಿ.

ಅವರು ಕುರ್ಚಿಯಲ್ಲಿ ಕೂರಲಿಲ್ಲ. ಅದರ ಮೇಲಿದ್ದ ಟವೆಲನ್ನು ತೆಗೆದು ನಾಲ್ಕಾಗಿ ಮಡಚಿ ಗೋಡೆಯ ಮೇಲೆ, ನನ್ನ ಕ್ಯಾಮೆರಾದ ಪಕ್ಕದಲ್ಲಿ ಇಟ್ಟರು.

‘ಕೂತ್ಕೊಳ್ಳೋ ಅಂದ್ರೆ. ಕಲಸಿದ್ದು ಒಣಗಿಹೋಗುತ್ತೆ.’

‘ಬೇಡ.’

‘ಬೇಡ ಅಂದ್ರೆ? ಬಿಳೀ ತಲೆ ಇಟ್ಕೊಂಡು ಅವರ ಮುಂದೆ ಕೂರ್ತೀಯಾ? ಅವರು ಏನಂದ್ಕೊಳ್ತಾರೆ? ಹಿಂದೆ ಒಂದಿಷ್ಟಾದ್ರೂ ಹಚ್ತೀನಿ, ಬಗ್ಗು.’ ಕಪ್ಪು ತೊಟ್ಟಿಕ್ಕುವ ಬ್ರಷ್ಷನ್ನು ಹಿಡಿದು ಅವರು ಹತ್ತಿರ ಬಂದರು.

ಪರಶಿವಮೂರ್ತಿ ನನ್ನ ಕಡೆ ನೋಡಿದರು, ಕ್ಯಾಮೆರಾ ಕಡೆ ನೋಡಿದರು, ಆಮೇಲೆ ಅಕ್ಕನ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿದರು.

‘ಬೇಡ ಅಂದೆನಲ್ಲಕ್ಕ. ಬೇಡ.’